ಹದಿನಾರನೆಯ ಬಣ್ಣ

ಜಟ್ಟೆಪ್ಪನಿಗೆ ಒಂದೂ ಚಟ ಇರಲಿಲ್ಲ.

ಅದೇ ಅಡ್ಡಿಯಾಯಿತು. ಚಿಂಚೋಳಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯಲ್ಲಿ ಅವನು ಪೆಟ್ಟಿಗೆ ಹೊರುತ್ತಿದ್ದ ಪೇಸ್ಟ್ ಕಂಪನಿಗೆ ಹಳದಿ ಹಲ್ಲಿನ ಹನ್ನೆರಡು ಹಮಾಲರು ಬೇಕಾಗಿದ್ದರು. ಹಲ್ಲು ಬೆಳ್ಳಗೆ ಮಾಡುವ ಹೊಸ ಪೇಸ್ಟಿನ ಪರೀಕ್ಷೆ. ತೊಂಬತ್ತು ದಿನ ಎರಡು ಹೊತ್ತು ಹಲ್ಲುಜ್ಜುವುದು, ನಡುವೆ ಎ.ಸಿ. ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರುವುದು. ಊಟ ಕಂಪನಿಯದು. ಬೆನ್ನು ಸವೆದವರಿಗೆ ಅದು ದರಬಾರೇ ಸರಿ.

ಅಕ್ಕಲಕೋಟ ರಸ್ತೆಯ ಅವನ ಸಾಲುಮನೆ ಚಾಳಿನ ಹನ್ನೊಂದು ಜನ ನಿನ್ನೆಯೇ ಪಾಸಾಗಿದ್ದರು. ಉಳಿದದ್ದು ಒಂದು ಕುರ್ಚಿ. ಜಟ್ಟೆಪ್ಪನ ಹಲ್ಲೋ, ಬೆಳ್ಳನೆಯ ಎಳೆ ಜೋಳದ ತೆನೆ.

"ನನ್ನ ಬಾಯಿ ನೋಡು," ಎಂದು ಪಕ್ಕದ ಮನೆಯ ಕಾಮಣ್ಣ ನಲ್ಲಿಯ ಹತ್ತಿರ ಬಾಯಿ ತೆರೆದ. ಮುದಿ ಹಾರ್ಮೋನಿಯಂ ಕಂಡಂತಾಯಿತು. "ಇಪ್ಪತ್ತ ವರ್ಷದ ತಂಬಾಕ. ಕಂಪನಿಯ ಆ ಪೂನಮ ಮ್ಯಾಡಮ್ ಹಲ್ಲಿಗೆ ಬಣ್ಣದ ಪಟ್ಟಿ ಹಿಡದು ಹದಿನಾಲ್ಕನೇ ನಂಬರ ಅಂದಳು. ಇರೋದ ಹದಿನಾರು, ಒಂದು ಅಂದ್ರ ಹಾಲಿನಂಗ ಬೆಳ್ಳಗ."

"ನಾ ಏನ್ ಪಾಪ ಮಾಡೀನಿ ಮಾಮಾ?"

"ಮಾಡಿಲ್ಲ. ಅದ ತ್ರಾಸ ಆಗ್ಯಾದ."

ಕಾಮಣ್ಣ ಸುಣ್ಣ ತಿಕ್ಕಿದ ತಂಬಾಕು ಕೊಟ್ಟ. ಜಟ್ಟೆಪ್ಪ ದವಡೆಗಿಟ್ಟ ಗಳಿಗೆಗೇ ಚಾಳು ಗರಗರ ತಿರುಗಿತು. ಅವನು ಮೋರಿಯ ಪಕ್ಕ ಕುಕ್ಕರಿಸಿದ.

ಎದುರು ಮನೆಯ ಮುದುಕಿ ಸುಗಲಾಬಾಯಿ ಹೊರಗೆ ಬಂದಳು. "ಹಲ್ಲ ಕಪ್ಪಾಗೋದು ಒಂದ್ ಮುಂಜಾನಿ ಕೆಲಸೇನೋ? ಇವಕ್ಕ ನಲವತ್ತ ವರ್ಷ ಮಿಶ್ರಿ ತಿಕ್ಕೀನಿ," ಎಂದು ಸುಟ್ಟ ತಂಬಾಕಿನ ಪುಡಿಯ ಡಬ್ಬಿಯನ್ನು ಒಡವೆಯಂತೆ ತೋರಿಸಿದಳು. ಆಮೇಲೆ ಅರಿಷಿಣ, ಕಾಚು, ಕರಿ ಚಹಾದ ಗಸಿ ಕಲಸಿದಳು. ಅಂಟಲೆಂದು ಬೆಲ್ಲದ ಪಾಕ ಸುರಿದಳು. ಅವನ ಹಲ್ಲಿಗೆ ಬಳಿದಾದ ಮೇಲೆ, "ಚಿಂಚೋಳಿ ಬರೋತನಕ ಬಾಯಿ ಮುಚ್ಚಬ್ಯಾಡ," ಅಂದಳು.

ಹೆಂಡತಿ ದ್ರೌಪದಿ ಬಾಗಿಲಲ್ಲಿ ನಿಂತು ನೋಡಿದಳು. "ಈ ಹಲ್ಲ ನೋಡೇ ನಮ್ಮಪ್ಪ ನನ್ನ ಕೊಟ್ಟಿದ್ದ. ಈಗ ಹೋಗಿ ತೋರಸ್ರಿ, ವಾಪಸ್ ಕರಕೊಂಡ ಹೋಗ್ತಾನ."

ಜಟ್ಟೆಪ್ಪ ಬಾಯಿ ತೆರೆದುಕೊಂಡೇ ಹೊರಟ. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆಂದು ಮೂರು ಸಲ ಕೇಳಿದ. ಜಟ್ಟೆಪ್ಪ "ಆ" ಅಂದ. ಬೆಲ್ಲದ ವಾಸನೆಗೆ ಎರಡು ನೊಣ ಒಳಗೆ ಹೋದವು. ಒಂದು ಹೊರಗೆ ಬಂತು.

ಕಂಪನಿಯಲ್ಲಿ ಪೂನಮ ಮ್ಯಾಡಮ್ ಪಟ್ಟಿ ಹಿಡಿದಳು. ತುದಿಯವರೆಗೂ ಹೋದಳು.

"ಹದಿನಾರು. ಇಂಥಾದ್ದು ನಾ ಪುಸ್ತಕದಾಗಷ್ಟ ನೋಡಿದ್ದೆ."

ಹನ್ನೊಂದು ಬಾಯಿ ಮುಚ್ಚಿದವು. ಹದಿನಾಲ್ಕರ ಕಾಮಣ್ಣ ನೆಲ ನೋಡಿದ. ಶಾಲೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಜಟ್ಟೆಪ್ಪ ಎದೆಯುಬ್ಬಿಸಿ ಹನ್ನೆರಡನೇ ಕುರ್ಚಿಯಲ್ಲಿ ಕೂತ. ಗಾದಿ ಮೆತ್ತಗಿತ್ತು.

ಆಮೇಲೆ ಎಲ್ಲರ ಕೈಗೂ ಪೇಸ್ಟು ಬಂತು. ಎರಡು ನಿಮಿಷ ಉಜ್ಜಿ, ಉಗುಳಿ, ಮತ್ತೆ ಅಳತೆ. ಕಾಮಣ್ಣ ಹದಿನಾಲ್ಕಕ್ಕೇ ನಿಂತಿದ್ದ. ಉಳಿದ ಹತ್ತು ಜನರೂ ಕದಲಿರಲಿಲ್ಲ. ಜಟ್ಟೆಪ್ಪನ ಮುಂದೆ ಪೂನಮ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿದಳು.

"ಒಂದು," ಅಂದಳು.

ಕಂಪನಿಯ ಸಾಹೇಬರು ಓಡಿ ಬಂದರು. ಜಟ್ಟೆಪ್ಪನ ತುಟಿ ತಾವೇ ಎತ್ತಿ ನೋಡಿದರು. "ಶಾಬ್ಬಾಸ್ ಜಟ್ಟೆಪ್ಪಾ," ಎಂದು ಬೆನ್ನು ತಟ್ಟಿದರು. ಸಾಹೇಬರಿಗೆ ತನ್ನ ಹೆಸರು ಗೊತ್ತಿದೆಯೆಂಬುದು ಜಟ್ಟೆಪ್ಪನಿಗೆ ಗೊತ್ತಾದದ್ದು ಅವತ್ತೇ. ಅರಿಷಿಣದ ಮಾತು ನಾಲಿಗೆಯ ತನಕ ಬಂದದ್ದು ಅಲ್ಲೇ ಕೂತಿತು.

"ನಮ್ಮ ಹೊಸ ಪೇಸ್ಟಿನ ತಾಕತ್ತ ನೋಡ್ರಿ," ಅಂದರು ಸಾಹೇಬರು.

ಪೂನಮ ಟ್ಯೂಬಿನ ನಂಬರು ನೋಡಿದಳು. "ಸರ್, ಹೊಸಾದು ಆ ಹನ್ನೊಂದ ಮಂದಿಗೆ ಕೊಟ್ಟೀವ್ರಿ. ಹನ್ನೆರಡನೇ ಕುರ್ಚಿಗೆ ನಮ್ಮ ಹಳೇ ಸಾದಾ ಪೇಸ್ಟ ಅದರಿ. ತುಲನಾ ಮಾಡಾಕ."

ಸಾಹೇಬರು ಹನ್ನೊಂದು ಬಾಯಿಗಳನ್ನು ನೋಡಿದರು, ಒಂದು ಬಾಯಿಯನ್ನು ನೋಡಿದರು. "ಹಳೇದೇ ಇಷ್ಟ ಕೆಲಸ ಮಾಡಿದ ಮ್ಯಾಲೆ ಹೊಸಾದು ಯಾಕ ಬೇಕು? ಟೆಸ್ಟ ಬಂದ್ ಮಾಡ್ರಿ. ಹಮಾಲರು ಗೋದಾಮಿಗೆ ನಡೀರಿ."

ಮಧ್ಯಾಹ್ನ ಪೆಟ್ಟಿಗೆ ಹೊರುವಾಗ ಜಟ್ಟೆಪ್ಪ, "ಹದಿನಾರರಿಂದ ಒಂದಕ್ಕ ಬಂದಾಂವ ನಾ ಒಬ್ಬನ," ಅಂದ. ಕಾಮಣ್ಣ ತನ್ನ ಪೆಟ್ಟಿಗೆಯನ್ನೂ ಅವನ ಬೆನ್ನಿಗೇರಿಸಿ ನಡೆದ.

ಹೋದದ್ದು ಹನ್ನೆರಡು ಕುರ್ಚಿ, ತಲೆಗೆ ತೊಂಬತ್ತು ಊಟ, ಜಟ್ಟೆಪ್ಪನ ಹನ್ನೊಂದು ಮಂದಿ ಗೆಳೆಯರು.