ಫಂಕ್ಷನ್ ಹಾಲಿನೊಳಗಿನ ವಿಶ್ವವಿದ್ಯಾಲಯ

ಮದುವೆ ಹಾಲಿನಲ್ಲಿ ವಿಶ್ವವಿದ್ಯಾಲಯ ತೆರೆದರೆ ಇಂಥವು ನಡೆಯದೆ ಇನ್ನೇನು ನಡೆದೀತು? ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ. ಲಿಂಗಂಪಲ್ಲಿ ಕಡೆ ಫಂಕ್ಷನ್ ಹಾಲ್ ಇಟ್ಟಿದ್ದ ಬೀದರಿನ ಸಾವುಕಾರರೊಬ್ಬರು ಅದಕ್ಕೇ ಹೊಸ ಬೋರ್ಡು ಬರೆಸಿ ಪುಟ್ಟ ವಿಶ್ವವಿದ್ಯಾಲಯ ಮಾಡಿದರು. ತಾವೇ ಚೇರ್ಮನ್ ಆದರು. ನಾನು ಆಫೀಸ್ ಸೂಪರಿಂಟೆಂಡೆಂಟ್. ಲಗ್ನದ ಬುಕಿಂಗ್ ಮಾತ್ರ ಅವರು ಬಿಡಲಿಲ್ಲ. ಮುಹೂರ್ತವಿದ್ದ ದಿನ ನಮಗೆ ರಜೆ.

೧

ಮೊದಲ ವರ್ಷ ಕಂಪ್ಯೂಟರ್ ಪಾಠ ಮದುವೆ ವೇದಿಕೆಯ ಮೇಲೇ. ಕುರ್ಚಿ ಬಂದಿರಲಿಲ್ಲ. ಮೈಸೂರಿನ ಲೆಕ್ಚರರ್ ಪಾಪ, ವಧೂವರರ ಕೆಂಪು ಸೋಫಾದಲ್ಲಿ ಕೂತು ಪಾಠ ಮಾಡುತ್ತಿದ್ದರು. ಒಂದು ದಿನ ವಿಭಾಗದ ಮುಖ್ಯಸ್ಥೆ ಮೇಡಂ ಪಾಠ ಪರೀಕ್ಷಿಸಲು ಬಂದವರು ಬೇರೆ ಜಾಗ ಕಾಣದೆ ಅವರ ಪಕ್ಕದಲ್ಲೇ ಕೂತರು.

ಹಿಂದಿನಿಂದ ಒಬ್ಬ ಹುಡುಗ ಕೂಗಿದ, “ಸಾರ್, ಫೋಟೋಗ್ರಾಫರ್ ಎಲ್ಲಿ?”

ಮರುದಿನವೇ ಕುರ್ಚಿಗಳು ಬಂದವು.

೨

ಕ್ಯಾಂಪಸ್ ಸಂದರ್ಶನಕ್ಕೆ ಮೊದಲ ಕಂಪನಿ ಬಂತು. ನಮ್ಮ ವಾಚ್‌ಮನ್ ಹಾಲಿನ ಹಳೆಯ ರೂಢಿಯಂತೆ ಬಾಗಿಲಲ್ಲೇ ಎಲ್ಲರಿಗೂ ಪನ್ನೀರು ಚಿಮುಕಿಸಿದ. ಬಂದವರಿಗೆ ಭಾಳ ಖುಷಿಯಾಯಿತು. ಇಬ್ಬರು ಹುಡುಗರಿಗೆ ನೌಕರಿಯೂ ಸಿಕ್ಕಿತು.

“ಎಲ್ಲಾ ಪನ್ನೀರಿನ ಮಹಿಮಾ ರೀ!” ಎಂದು ಚೇರ್ಮನ್ ಸಾಹೇಬರು ಮುಂದಿನ ಸಲಕ್ಕೆ ವಾಲಗದವರನ್ನೂ ಕರೆಸಿದರು. ವಾಲಗದವರು ಹೊತ್ತಿಗೆ ಸರಿಯಾಗಿ ಬಂದರು. ಕಂಪನಿಯವರು ಬರಲಿಲ್ಲ.

೩

ಆಮೇಲೆ ಬಂತು ಮಾನ್ಯತೆಯ ತಪಾಸಣೆ. ಮಾನ್ಯತೆ ತಪ್ಪಿದರೆ ಮಕ್ಕಳ ಡಿಗ್ರಿಗೆ ಬೆಲೆಯಿಲ್ಲ, ನಮ್ಮ ನೌಕರಿಯೂ ಉಳಿಯುವುದಿಲ್ಲ. ಕಮಿಟಿ ಗೊತ್ತು ಮಾಡಿದ ದಿನವೇ ಹಾಲಿನಲ್ಲಿ ಲಗ್ನ!

“ಲಗ್ನ ಬ್ಯಾರೆ ಕಡೆ ಮಾಡ್ಕೋರಿ ಅಂತ ಹೇಳ್ರಿ ಸಾಹೇಬ್ರ,” ಎಂದೆ.

“ಕಾರ್ಡ್ ಹಂಚ್ಯಾರ್ರಿ. ಕಮಿಟಿಯವ್ರಿಗೆ ವಾರ್ಷಿಕೋತ್ಸವ ನಡದೈತಿ ಅನ್ರಿ.”

ಕಮಿಟಿಯ ಮೂವರು ಬಂದರು. ಗಂಡಿನವರು ಅವರನ್ನು ಹೆಣ್ಣಿನ ಕಡೆಯವರೆಂದು ತಿಳಿದರು, ಹೆಣ್ಣಿನವರು ಗಂಡಿನ ಕಡೆಯವರೆಂದು. ಎರಡೂ ಕಡೆಯವರು ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿ ಅಕ್ಷತೆ ಕೊಟ್ಟರು, ಒತ್ತಾಯ ಮಾಡಿ ಊಟ ಬಡಿಸಿದರು.

ಊಟ ಮುಗಿಸಿ ಪಾನ್ ಹಾಕಿಕೊಂಡ ಕಮಿಟಿಯ ಹಿರಿಯರು ಚೇರ್ಮನ್ನರನ್ನು ಕರೆದರು. ಈ ಹಿರಿಯರು ರಾಯಚೂರಿನವರು.

“ವಾರ್ಷಿಕೋತ್ಸವದಾಗ ತಾಳಿ ಕಟ್ಟೋದು ಇವತ್ತೇ ನೋಡಿದೆರಿ,” ಎಂದರು.

ಚೇರ್ಮನ್ನರು ಕೈಮುಗಿದು ನಿಂತರು.

“ಅದಿರಲಿ, ವೈಶಾಖದಾಗ ನನ್ನ ಮಗಳ ಲಗ್ನ ಐತಿ. ಹಾಲ್ ಖಾಲಿ ಐತೇನ್ರಿ?”

“ಆವಾಗ ನಮ್ಮ ಹುಡುಗ್ರ ಪರೀಕ್ಷಾ ಅದಾವ್ರಿ,” ಎಂದುಬಿಟ್ಟೆ. ಚೇರ್ಮನ್ನರು ನನ್ನನ್ನು ನುಂಗುವಂತೆ ನೋಡಿದರು.

ಮಾನ್ಯತೆ ಬಂತು. ವೈಶಾಖದ ಪರೀಕ್ಷೆ ಆಷಾಢದಲ್ಲಿ ನಡೆಯಿತು.