ಊಟ ಆತೇನ್ರಿ ಎಂದು ಇಂಗ್ಲಿಷಿನಲ್ಲಿ ಕೇಳಿದ್ದು

ನಮ್ಮ ಗಂಗಾವತಿಯಲ್ಲಿ 'ಊಟ ಆತೇನ್ರಿ?' ಎನ್ನುವುದು ಪ್ರಶ್ನೆಯೇ ಅಲ್ಲ. ಬೈಕಿನ ಮೇಲೆ ಹೋಗುತ್ತಲೇ ಕೇಳುತ್ತಾರೆ, ನಾವು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸರ್ಕಲ್ ದಾಟಿರುತ್ತಾರೆ. ನಮ್ಮ ಮನೆಯಲ್ಲಿ ಇದನ್ನೇ ದಖನಿ ಉರ್ದುವಿನಲ್ಲಿ 'ಖಾನಾ ಹುವಾ?' ಎನ್ನುತ್ತೇವೆ, ಸುತ್ತಲಿನ ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗಿನವರು 'ಭೋಜನಂ ಅಯಿಂದಾ?' ಎನ್ನುತ್ತಾರೆ. ಯಾವ ಭಾಷೆಯಲ್ಲೂ ಉತ್ತರಕ್ಕೆ ಕಾಯುವ ಪದ್ಧತಿಯಿಲ್ಲ. ನಾನು ಗ್ರಂಥಪಾಲಕಿಯಾಗಿರುವ ಕಾಲೇಜಿನ ಅಟೆಂಡರ್ ಹನುಮಂತಪ್ಪ ದಿನಾ ಬೀಗ ತೆಗೆಯುತ್ತಲೇ ಇದನ್ನು ಕೇಳುತ್ತಾನೆ. ಆಗಿರದಿದ್ದರೂ ನಾನು 'ಆತಪ್ಪಾ, ನಿಂದು?' ಎನ್ನುತ್ತೇನೆ. ಅಲ್ಲಿಗೆ ನಮ್ಮಿಬ್ಬರ ಯೋಗಕ್ಷೇಮ ವಿಚಾರಣೆ ಮುಗಿಯುತ್ತದೆ. ಇಂಥ ಪುಕ್ಕಟೆ ಮಾತನ್ನು ನಾನು ಸ್ಕಾಟ್ಲೆಂಡಿನವರೆಗೂ ಹೊತ್ತುಕೊಂಡು ಹೋದೆ. ಅದಕ್ಕೆ ಬೆಲೆ ತೆತ್ತವರು ಬೇರೆಯವರು ಎಂಬುದೇ ನನ್ನ ಸಂಕಟ.

ಹೋದದ್ದು ಯೋಗ್ಯತೆಯಿಂದಲ್ಲ, ಪಾಸ್‌ಪೋರ್ಟಿನಿಂದ. ಅಲ್ಲಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ, ಸಣ್ಣ ಊರಿನ ಗ್ರಂಥಪಾಲಕರೊಬ್ಬರನ್ನು ಒಂದು ತಿಂಗಳ ಮಟ್ಟಿಗೆ ಕರೆಸಿಕೊಂಡು ತನ್ನ ಕೆಲಸ ತೋರಿಸಿ, ಅವರ ಕೆಲಸ ಕೇಳಿ ತಿಳಿಯುವ ಯೋಜನೆ ಹಾಕಿತ್ತು. ಪ್ರಿನ್ಸಿಪಾಲರು ವಿಚಾರಿಸಿದಾಗ ಸುತ್ತಮುತ್ತ ಪಾಸ್‌ಪೋರ್ಟ್ ಇದ್ದ ಗ್ರಂಥಪಾಲಕಿ ನಾನೊಬ್ಬಳೇ, ಅದೂ ಅಮ್ಮನನ್ನು ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಕರೆದೊಯ್ಯಲು ಮಾಡಿಸಿದ್ದು. ಅಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ, ಅಲ್ಲಿ ಯಾರ ಹತ್ತಿರವೂ ಏನೂ ಕೇಳಿ ತಿನ್ನಬೇಡ, ನಮ್ಮ ಮರ್ಯಾದೆ ಉಳಿಸು ಎಂದು ಹೇಳಿ ಕಳಿಸಿದಳು.

ಅಲ್ಲಿ ನನ್ನನ್ನು ಜೀನ್ ಎಂಬುವರ ಪಕ್ಕ ಕೂರಿಸಿದರು. ಪುಸ್ತಕಗಳ ಪಟ್ಟಿ ಮಾಡುವ ಸೂಚಿ ವಿಭಾಗದ ಹಿರಿಯರು, ನಿವೃತ್ತಿಯ ಅಂಚಿನಲ್ಲಿದ್ದವರು. ಅವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಒಪ್ಪದೆ, ನಮ್ಮ ಕಡೆ ಟೀಚರಮ್ಮಂದಿರಿಗೆ ಅನ್ನುವಂತೆ, ಮನಸ್ಸಿನಲ್ಲೇ ಜೀನ್‌ಬಾಯಾರು ಎಂದುಕೊಳ್ಳುತ್ತಿದ್ದೆ. ಮೊದಲ ದಿನ ಏನು ಮಾತಾಡಬೇಕೆಂದು ತಿಳಿಯದೆ, ರೂಢಿಯಂತೆ, ನಿಮ್ಮ ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟೆ. ಅವರು ಗಡಿಯಾರ ನೋಡಿದರು. ಇನ್ನೂ ಬೆಳಗಿನ ಹೊತ್ತು. ಸ್ವಲ್ಪ ಯೋಚಿಸಿ, ಇಲ್ಲ, ಆಗಿಲ್ಲ ಎಂದು ಗಂಭೀರವಾಗಿ ಉತ್ತರಿಸಿದರು. ನನ್ನ ಆಯುಷ್ಯದಲ್ಲಿ ಆ ಮಾತಿಗೆ ಸಿಕ್ಕ ಮೊದಲ ಪ್ರಾಮಾಣಿಕ ಉತ್ತರ ಅದು.

ಮಧ್ಯಾಹ್ನ ಅವರೇ ನನ್ನನ್ನು ಕೆಳಗಿನ ಕ್ಯಾಂಟೀನಿಗೆ ಕರೆದೊಯ್ದರು. ಮರುದಿನವೂ ಬಾಯಿತಪ್ಪಿ ಕೇಳಿದೆ, ಅಭ್ಯಾಸ ಎಲ್ಲಿ ಬಿಡುತ್ತದೆ? ಅಂದಿನಿಂದ ಅವರು ಎರಡು ಡಬ್ಬಿ ತರತೊಡಗಿದರು, ನಮ್ಮ ಮೇಜಿಗೇ ಕೂತು ತಿನ್ನುತ್ತಿದ್ದೆವು. ಮಾಂಸದ ವಿಚಾರ ನನಗೆ ತೊಡಕಾದೀತೆಂದು ನನ್ನ ಸ್ಯಾಂಡ್‌ವಿಚ್ಚಿಗೆ ಬರೀ ಮೊಟ್ಟೆ. ನಾನು ರೊಟ್ಟಿ ಕೊಟ್ಟೆ. ಆ ಮೌನದ ಕಟ್ಟಡದಲ್ಲಿ ಖಡಕ್ ರೊಟ್ಟಿ ಮುರಿದರೆ ಕಿಟಕಿ ಗಾಜು ಒಡೆದಂತೆ ಕೇಳುತ್ತಿತ್ತು. ಓದುವವರೆಲ್ಲ ತಲೆಯೆತ್ತಿ ನೋಡುವರು, ಜೀನ್‌ಬಾಯಾರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುವರು. ತೀರಿಹೋದ ತಂಗಿಯ ಬಗ್ಗೆ, ಜೊತೆಗಿರುವ ಕುರುಡು ಬೆಕ್ಕಿನ ಬಗ್ಗೆ ಹೇಳುವರು. ನಾನು ಅಮ್ಮನ ಬಗ್ಗೆ ಹೇಳುತ್ತಿದ್ದೆ. ಪುಸ್ತಕಗಳ ಬಗ್ಗೆ ನಾವಿಬ್ಬರೂ ಅಷ್ಟಾಗಿ ಮಾತಾಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಮೇಲಿನ ಮಹಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು, ನನ್ನ ಒಳ್ಳೆಯದಕ್ಕೇ, ಮೆಲ್ಲಗೆ ಹೇಳಿದಳು: ಇಲ್ಲಿ ಹಾಗೆ ದಿನಾ ಕೇಳಿದರೆ, ನನಗೆ ಊಟ ಹಾಕಿ ಎಂದು ಕೇಳಿದಂತಾಗುತ್ತದೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗಂಗಾವತಿಯ ಹೆಂಗಸು ಸ್ಕಾಟ್ಲೆಂಡಿಗೆ ಬಂದು ಒಬ್ಬ ಮುದುಕಿಯ ಡಬ್ಬಿಗೆ ಗಂಟುಬಿದ್ದಳು ಎಂದಾಯಿತಲ್ಲ. ಅಮ್ಮನ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಮರುದಿನದಿಂದ ಹವೆಯ ಬಗ್ಗೆ ಎರಡು ಮಾತಾಡಿ, ಮಧ್ಯಾಹ್ನ ಏನೋ ನೆಪ ಹೇಳಿ ಹೊರಗೆ ಹೋಗಿ ಬೆಂಚಿನ ಮೇಲೆ ಬಾಳೆಹಣ್ಣು ತಿಂದು ಬರತೊಡಗಿದೆ. ಮರ್ಯಾದೆ ಉಳಿಯಿತು, ಹೊಟ್ಟೆ ತುಂಬಲಿಲ್ಲ. ಜೀನ್‌ಬಾಯಾರು ಕೆಲವು ದಿನ ಎರಡು ಡಬ್ಬಿಯನ್ನೇ ತಂದರು. ಒಂದನ್ನು ಕಂಪ್ಯೂಟರ್ ನೋಡುತ್ತಾ ತಿಂದು, ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಹೋಗುವರು. ಆಮೇಲೆ ಒಂದೇ ತಂದರು.

ನಾನು ಹೊರಡುವ ದಿನ ಜೀನ್‌ಬಾಯಾರು ಬಾಗಿಲವರೆಗೆ ಬಂದು ಕೇಳಿದರು:

"ನನ್ನಿಂದೇನಾದರೂ ತಪ್ಪಾಯಿತೇ? ನೀವು ಊಟದ ಬಗ್ಗೆ ಕೇಳುವುದನ್ನೇ ಬಿಟ್ಟಿರಿ. ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು ನೀವೊಬ್ಬರೇ."

ಆಗ ನಿಜ ಹೇಳಬಹುದಿತ್ತು. ಕೇಳಿದ್ದು ಬರೀ ರೂಢಿ, ಆದರೆ ನಿಮ್ಮ ಜೊತೆ ಕೂತು ತಿಂದದ್ದು ರೂಢಿಯಲ್ಲ, ಅದು ನನಗೂ ಬೇಕಾಗಿತ್ತು ಎನ್ನಬಹುದಿತ್ತು. ಕೆಲಸ ಜಾಸ್ತಿ ಇತ್ತು ಎಂದೆ. ಅವರು ತಲೆಯಾಡಿಸಿದರು. ಕೆಲಸ ಎಷ್ಟಿತ್ತೆಂದು ಪಕ್ಕದಲ್ಲೇ ಕೂತ ಅವರಿಗೆ ಗೊತ್ತಿತ್ತು.

ಊರಿಗೆ ಬಂದ ಮೇಲೆ ಕೊಪ್ಪಳದಲ್ಲಿ ಜಿಲ್ಲೆಯ ಗ್ರಂಥಪಾಲಕರೆಲ್ಲ ಸೇರಿ ನನ್ನ ಅನುಭವ ಕೇಳಲು ಸಭೆ ಇಟ್ಟುಕೊಂಡರು. ಶಾಲು ಹೊದಿಸಿದರು. ತಾನೇ ಪುಸ್ತಕ ವಾಪಸು ಪಡೆಯುವ ಯಂತ್ರದ ಬಗ್ಗೆ, ಸರಿಯುವ ಕಪಾಟುಗಳ ಬಗ್ಗೆ ಚಿತ್ರ ತೋರಿಸಿ ಹೇಳಿದೆ. ಯಲಬುರ್ಗಾದ ಹಿರಿಯರೊಬ್ಬರು ಎದ್ದು ನಿಂತರು.

"ಮಷೀನಿನ ಸುದ್ದಿ ಆತ್ರಿ ಮೇಡಂ. ಅಲ್ಲಿ ಮಂದಿ ಹೆಂಗದಾರ, ಅದನ್ನ ಹೇಳ್ರಿ."

ಮೈಕು ಕೈಯಲ್ಲಿತ್ತು, ಶಾಲು ಹೆಗಲ ಮೇಲಿತ್ತು, ಎಲ್ಲರೂ ನಗಲು ಸಿದ್ಧರಾಗಿ ಕೂತಿದ್ದರು.

"ಭಾಳ ಬಿಗಿ ಮಂದಿ ನೋಡ್ರಿ," ಎಂದೆ. "ಬಾಜೂಕ ಕುಂತವರು ಊಟ ಮಾಡ್ಯಾರೋ ಇಲ್ಲೋ, ಅದನ್ನೂ ಕೇಳಂಗಿಲ್ಲ."

ಸಭೆಯೆಲ್ಲ ನಕ್ಕು ಚಪ್ಪಾಳೆ ತಟ್ಟಿತು. ಕುಷ್ಟಗಿಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಮಾತ್ರ ನಗದೆ, ಅಂಥವರ ನಡುವೆ ತಿಂಗಳು ಹೆಂಗ ತೆಗೆದ್ರಿ ಪಾಪ ಎಂದು ಮರುಗಿದಳು. ಏನ್ ಮಾಡೋದ್ರಿ, ಹೊಂದಿಕೊಂಡು ಹೋದೆ ಎಂದು ಹೇಳಿ, ಶಾಲು ಸರಿಮಾಡಿಕೊಂಡು ಕೂತೆ.