ಬೋಗುಣಿಗೆ ಬಿದ್ದ ಸಿಗ್ನಲ್

ಗಂಡನ ಬುದ್ಧಿಗೆ ಕವಡೆ ಕಿಮ್ಮತ್ತೂ ಇಲ್ಲದ ಮನೆ ನೋಡಬೇಕಿದ್ದರೆ ಗುಬ್ಬಿಗೆ ಬಂದು ನಮ್ಮ ಮನೆ ನೋಡಿ.

ಮಗಳು ಪ್ರಿಯಾಂಕಳನ್ನು ಕುಣಿಗಲ್ಲಿನ ಹುಡುಗ ಒಪ್ಪಿದ್ದ. ಬಾಕಿಯಿದ್ದದ್ದು ಮಸ್ಕತ್ತಿನಲ್ಲಿರುವ ಅವನ ಅಕ್ಕನ ಒಪ್ಪಿಗೆ. ಆಕೆ ಭಾನುವಾರ ಸಂಜೆ ಕಂಪ್ಯೂಟರಿನಲ್ಲೇ ಹೆಣ್ಣು ನೋಡುತ್ತಾಳಂತೆ! ನಮ್ಮಲ್ಲಿ ಲ್ಯಾಪ್‌ಟಾಪ್ ಇತ್ತು, ಇಂಟರ್ನೆಟ್ ಇರಲಿಲ್ಲ. ಪಕ್ಕದ ಮನೆಯ ಗುಲಾಮ್ ನಬಿ ಸಾಹೇಬರಲ್ಲಿ ವೈಫೈ ಇತ್ತು.

“ನಮ್ಮನೇಲೇ ಬಂದು ಕೂತ್ಕೊಳ್ಳಿ ಸಾರ್, ಕಂಪ್ಯೂಟರ್ರೂ ಐತೆ” ಅಂದರು.

“ಪಾಸ್‌ವರ್ಡ್ ಒಂದು ಕೊಡಿ, ಸಾಕು” ಅಂದೆ. ಹೆಣ್ಣು ನಮ್ಮದು, ಹಾಲ್ ಇನ್ನೊಬ್ಬರದು ಅಂದರೆ ಮರ್ಯಾದೆ ಉಳಿಯುತ್ತದೆಯೇ?

ಅವರ ಸಿಗ್ನಲ್ ನಮ್ಮ ಕಾಂಪೌಂಡ್ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ತುಮಕೂರಿಗೆ ಹೋಗಿ ಹಳೇ ರೂಟರ್ ತಂದೆ. (ಪಕ್ಕದ ಮನೆ ಸಿಗ್ನಲ್ ಹಿಡಿದು ನಮ್ಮ ಮನೆಗೆ ಹಂಚುವುದು ಅದರ ಅವತಾರದ ಉದ್ದೇಶ.) ಅಡುಗೆಮನೆ ಕಿಟಕಿಯಲ್ಲಿಟ್ಟರೂ ಅದಕ್ಕೆ ಅರೆಜೀವ. ಕೊನೆಗೆ ಅಲ್ಲೇ ಇದ್ದ ದೊಡ್ಡ ಸ್ಟೀಲ್ ಬೋಗುಣಿಯೊಂದನ್ನು ಅದರ ಹಿಂದೆ ನಿಲ್ಲಿಸಿದೆ ನೋಡಿ, ಸಿಗ್ನಲ್ ತುಂಬಿಕೊಂಡು ಬಂತು!

“ರೀ, ಪಾತ್ರೆ ಯಾಕ್ರೀ ಕಿಟಕೀಲಿ?” ಎಂದಳು ನನ್ನ ಹೆಂಡತಿ ಕೌಸಲ್ಯ.

“ಇದು ವಿಜ್ಞಾನ ಕಣೇ. ನಿಂಗೆ ತಿಳಿಯಲ್ಲ, ಸುಮ್ನಿರು.”

ಸುಮ್ಮನಾದಳು. ನಾನು ಆಗಲೇ ಹೆದರಬೇಕಿತ್ತು.

ಭಾನುವಾರ ಸಂಜೆ ಮಸ್ಕತ್ತಿನ ಅಕ್ಕ ಪರದೆಯ ಮೇಲೆ ಪ್ರತ್ಯಕ್ಷಳಾದಳು. ‘ನಮಸ್ಕಾರ’ ಅನ್ನಲು ಬಾಯಿ ತೆರೆದೆ. ಅಷ್ಟಕ್ಕೇ ಚಿತ್ರ ನಿಂತುಹೋಯಿತು! ಅಡುಗೆಮನೆಗೆ ಓಡಿದರೆ ಬೋಗುಣಿಯೇ ಇಲ್ಲ. ಹೆಂಡತಿಯೂ ಇಲ್ಲ. ತಟ್ಟೆ ನಿಲ್ಲಿಸಿದೆ, ಕುಕ್ಕರ್ ಮುಚ್ಚಳ ನಿಲ್ಲಿಸಿದೆ, ದೇವರಿಗೆ ಹರಕೆ ಹೊತ್ತೆ. ಮಗಳ ಮದುವೆಯನ್ನು ನನ್ನ ಕೈಯಾರೆ ಮುರಿದೆನಲ್ಲ ಅಂತ ಅಳುವೇ ಬಂತು.

ಎಷ್ಟೋ ಹೊತ್ತಿನ ಮೇಲೆ ತಾಯಿ ಮಗಳು ನಗುತ್ತಾ ಪಕ್ಕದ ಮನೆಯಿಂದ ಬಂದರು.

“ಬೋಗುಣಿ ಎಲ್ಲೇ?”

“ಅದು ಸಾಹೇಬ್ರ ಹೆಂಡ್ತಿ ಮೆಹತಾಬ್ ಅವ್ರದ್ದು ಕಣ್ರೀ. ರಂಜಾನ್‌ಗೆ ಶೀರ್ ಖುರ್ಮಾ ಕಳ್ಸಿದ್ರಲ್ಲ? ಅವರ ಮನೆ ಪಾತ್ರೆ ಎಷ್ಟು ದಿನಾಂತ ಇಟ್ಕೊಳ್ಳೋದು? ಖಾಲಿ ಕೊಡಬಾರ್ದು ಅಂತ ಒಬ್ಬಟ್ಟು ತುಂಬ್ಕೊಂಡು ಹೋದೆ. ಅಷ್ಟ್ರಲ್ಲಿ ಇವ್ಳು ಓಡಿಬಂದು, ಅಪ್ಪನ ವಿಜ್ಞಾನ ಕೆಟ್ಟೋಯ್ತು ಅಂದ್ಲು. ಅವ್ರ ಕಂಪ್ಯೂಟರ್ ಮುಂದೇನೇ ಕೂರಿಸ್ದೆ. ಆಯಮ್ಮ ಒಪ್ಪಿದ್ಲು.”

ಹೋದ ಜೀವ ಬಂತು. “ನನ್ನ ಕೇಳಲಿಲ್ವಾ?”

“ಕೇಳಿದ್ಲು. ಮೊದ್ಲು ಬಾಯಿ ತೆಕ್ಕೊಂಡು ನಿಂತ್ಬಿಟ್ಟಿದ್ದೋರು ಯಾರು ಅಂದ್ಲು. ನಂಗೆ ನಾಚಿಕೆಯಾಯ್ತು. ಕಂಪ್ಯೂಟರ್ ರಿಪೇರಿಗೆ ಬಂದೋರು, ನಮ್ಮೆಜಮಾನ್ರು ಊರಲ್ಲಿಲ್ಲ ಅಂದೆ.”

ಮದುವೆಗೆ ಆಕೆ ಮಸ್ಕತ್ತಿನಿಂದ ಖುದ್ದಾಗಿ ಬರುತ್ತಾಳಂತೆ. ಮಂಟಪದಲ್ಲಿ ಕೂತು ಧಾರೆ ಎರೆಯಬೇಕಾದವನು ನಾನು. ರಿಪೇರಿಯವನಿಗೆ ಇಲ್ಲೇನು ಕೆಲಸ ಅಂತ ಆಕೆ ಕೇಳಿದರೆ, ನಾನು ಮತ್ತೆ ಬಾಯಿ ತೆರೆದುಕೊಂಡೇ ಕೂರಬೇಕು.